ಚಿನ್ನ ತಂದವರನ್ನು ಬಿಟ್ಟುಬಿಡುತ್ತಾರಂತೆ, ಹೌದೇ?

ಮೈಸೂರಿನ ಒಂದು ಕಾನೂನು ಕಾಲೇಜಿನಲ್ಲಿ ನಾನು 24 ವರ್ಷ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡಿದ್ದೇನೆ. ಸಮುದ್ರದ ಗಡಿ, ನಿರಾಶ್ರಿತರ ಹಕ್ಕು, ಯುದ್ಧಕೈದಿಗಳು, ಎರಡು ದೇಶಗಳ ನಡುವೆ ಹರಿಯುವ ನದಿಯ ನೀರು, ಹೀಗೆ ಆ ವಿಷಯದಲ್ಲಿ ಕೇಳಬಹುದಾದ ಪ್ರಶ್ನೆಗಳು ನೂರಾರಿವೆ. ಆದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಎದುರಾಗುವವರು, ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತವರು, ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತವರು, ನಾನು ಏನು ಕಲಿಸುತ್ತಿದ್ದೆ ಎಂದು ತಿಳಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆಯನ್ನು: "ಮೇಡಂ, ಈ ರಾಯಭಾರಿಗಳು ಚಿನ್ನ ತಂದರೂ ಬಿಟ್ಟುಬಿಡುತ್ತಾರಂತೆ, ಹೌದಾ?" ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಮೊದಲು ಆ ಪ್ರಶ್ನೆಯ ಮೇಲೇ ನನಗಿರುವ ಸಿಟ್ಟನ್ನು ಹೇಳಿಬಿಡುತ್ತೇನೆ. "ಬಿಟ್ಟುಬಿಡುತ್ತಾರಂತೆ" ಎಂಬ ಮಾತಿನಲ್ಲಿ ಬಿಟ್ಟದ್ದು ಯಾರನ್ನು, ಏನನ್ನು ಎಂಬುದಿಲ್ಲ. ತಂದ ಮನುಷ್ಯನೂ ತಂದ ಚಿನ್ನವೂ ಅದರಲ್ಲಿ ಒಂದೇ ಆಗಿಬಿಡುತ್ತವೆ. "ರಾಯಭಾರಿ" ಎನ್ನುವಾಗ ರಾಯಭಾರಿ, ಕಾನ್ಸುಲ್ (ವೀಸಾ, ಪಾಸ್‌ಪೋರ್ಟ್‌ನಂಥ ಕೆಲಸ ನೋಡುವ ವಿದೇಶಿ ಅಧಿಕಾರಿ), ಕಚೇರಿಯ ಗುಮಾಸ್ತ, ಕಾರಿನ ಚಾಲಕ, ಕೊನೆಗೆ ಆ ಕಚೇರಿಯನ್ನು ಬಿಟ್ಟು ಹೋದ ಹಳೆಯ ನೌಕರನವರೆಗೆ ಎಲ್ಲರೂ ಒಂದೇ ಕೊಡೆಯ ಕೆಳಗೆ ನಿಲ್ಲುತ್ತಾರೆ. ಇದಕ್ಕಿಂತ ನನಗೆ ನೋವಾಗುವುದು ಪ್ರಶ್ನೆಯ ಹಿಂದಿನಿಂದ ಬರುವ ಇನ್ನೊಂದು ಮಾತಿನಿಂದ. ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ಮಗಳ ಓಲೆಯ ತಿರುಪು ಸರಿಮಾಡಿಸಲು ಕುಳಿತಿದ್ದಾಗ, ಪಕ್ಕದಲ್ಲಿ ಸರ ನೋಡುತ್ತಿದ್ದ ಚೆನ್ನಾಗಿ ಓದಿದ ಮಹಿಳೆಯೊಬ್ಬರು, "ಅಂಥ ಪಾಸ್‌ಪೋರ್ಟ್ ನಮಗೂ ಒಂದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತಲ್ಲವೇ ಮೇಡಂ" ಎಂದರು. ಕಾನೂನಿನ ದುರುಪಯೋಗದ ಬಗ್ಗೆ ಕೇಳುವವರಲ್ಲಿ ಅರ್ಧದಷ್ಟು ಜನಕ್ಕೆ ಅದು ನಡೆದದ್ದರ ಬಗ್ಗೆ ಬೇಸರವಿಲ್ಲ, ತಮಗೆ ಆ ದಾರಿ ಇಲ್ಲವಲ್ಲ ಎಂಬ ಬೇಸರವಿದೆ. ಅವರಿಗೆ ನಾನು ಹೇಳುವ ಉತ್ತರ ಬಹಳ ಚಿಕ್ಕದು: ಪಾಸ್‌ಪೋರ್ಟಿನ ಬಣ್ಣದಿಂದ ಯಾವ ರಕ್ಷಣೆಯೂ ಬರುವುದಿಲ್ಲ. ಒಂದು ದೇಶ ನಿಮ್ಮನ್ನು ತನ್ನ ದೂತರೆಂದು ಕಳುಹಿಸಬೇಕು, ಇನ್ನೊಂದು ದೇಶ ನಿಮ್ಮನ್ನು ಹಾಗೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಆ ದೇಶದಲ್ಲಿ, ಹೆಚ್ಚೆಂದರೆ ಆ ಹುದ್ದೆಗೆ ಹೋಗಿಬರುವ ದಾರಿಯಲ್ಲಿ, ಮಾತ್ರ ರಕ್ಷಣೆ. 1960ರಲ್ಲಿ ಗ್ವಾಟೆಮಾಲಾ ದೇಶದ ರಾಯಭಾರಿಯೊಬ್ಬರನ್ನು ನ್ಯೂಯಾರ್ಕಿನಲ್ಲಿ ಹೆರಾಯಿನ್ ಸಮೇತ ಬಂಧಿಸಿದರು. ಅವರು ರಾಯಭಾರಿಯಾಗಿದ್ದದ್ದು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ. ಅಮೆರಿಕದಲ್ಲಿ ಆ ಪದವಿ ಅವರನ್ನು ಕಾಪಾಡಲಿಲ್ಲ.

ಇದೇ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ನನಗೆ ಒಬ್ಬರೇ ಸಿಕ್ಕಿದ್ದಾರೆ, ಅವರು ನನ್ನ ಸೋದರಮಾವ. ಮಾವನ ಊರು ಶ್ರೀರಂಗಪಟ್ಟಣದ ಕಡೆ, ಕಾವೇರಿಗೆ ಕೂಗಳತೆಯ ದೂರದಲ್ಲಿ. 2024ರ ಮೇ ತಿಂಗಳಲ್ಲಿ ಊರಹಬ್ಬಕ್ಕೆಂದು ಹೋಗಿದ್ದೆ. ಅದಕ್ಕೆ ಸ್ವಲ್ಪ ದಿನ ಮೊದಲು, ಏಪ್ರಿಲ್ 25ರಂದು, ಮುಂಬೈಯಲ್ಲಿದ್ದ ಅಫ್ಘಾನಿಸ್ತಾನದ ಕಾನ್ಸುಲ್ ಜನರಲ್ ಅವರು ದುಬೈಯಿಂದ ಬಂದಿಳಿದಾಗ, ಉಡುಪಿನೊಳಗೆ ಬಚ್ಚಿಟ್ಟಿದ್ದ 25 ಕೆ.ಜಿ. ಚಿನ್ನವನ್ನು ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ವಶಪಡಿಸಿಕೊಂಡರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದರ ಬೆಲೆ ಸುಮಾರು 18.6 ಕೋಟಿ ರೂಪಾಯಿ. ಅವರನ್ನು ಬಂಧಿಸಲಿಲ್ಲ, ರಾಜತಾಂತ್ರಿಕ ರಕ್ಷಣೆ ಇರುವುದೇ ಅದಕ್ಕೆ ಕಾರಣವೆಂದು ವರದಿಯಾಗಿತ್ತು. ಸುದ್ದಿ ಹೊರಬಿದ್ದಾಗ ಅವರು ಹುದ್ದೆಗೆ ರಾಜೀನಾಮೆ ಕೊಟ್ಟರು.

ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಾ ಮಾವ ನನ್ನನ್ನು ಕೇಳಿದರು: "ಅದ್ಯಾವ ಕಾನೂನವ್ವಾ ಅದು? ನಾನು ಒಂದು ಲೋಡು ಮರಳು ಹೊಡುಸ್ದೆ ಅಂತ ಟ್ರಾಕ್ಟರ್ನ ಸ್ಟೇಷನ್ ಮುಂದೆ ನಿಲ್ಸವ್ರೆ, ಮೂರು ತಿಂಗಳಾತು. ಅಲ್ಲಿ ಮೈಗೆ ಇಪ್ಪತ್ತೈದು ಕೆಜಿ ಚಿನ್ನ ಸುತ್ಕಂಡು ಬಂದೋರ್ನ ಮನೆಗೆ ಕಳುಸ್ಕೊಟ್ರಂತಲ್ಲ?"

ಮಾವ ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. ಪರವಾನಗಿ ಇಲ್ಲದೆ ನದಿಯಿಂದ ಮರಳು ತೆಗೆಸಿದ್ದು ಅವರೇ. ಅವರಿಗೆ ಬೇಕಾಗಿದ್ದದ್ದು ಒಂದು ತಕ್ಕಡಿ: ಈ ಕಡೆಯ ತಟ್ಟೆಯಲ್ಲಿ ಒಂದು ಲೋಡು ಮರಳು, ಆ ಕಡೆಯ ತಟ್ಟೆಯಲ್ಲಿ 25 ಕೆ.ಜಿ. ಚಿನ್ನ, ಇದು ಹೇಗೆ ಸಮ ಎಂದು ನಾನು ತೋರಿಸಿಕೊಡಬೇಕಿತ್ತು. ಇಷ್ಟು ವರ್ಷ ತರಗತಿಯಲ್ಲಿ ಕೇಳಿದ ಯಾವ ಪ್ರಶ್ನೆಗಿಂತಲೂ ಅದು ಗಟ್ಟಿಯಾಗಿತ್ತು. ಆದ್ದರಿಂದ ಅವರಿಗೆ ಅಂದು ಸಂಜೆಯವರೆಗೆ ಕುಳಿತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮವಾಗಿ ಬರೆಯುತ್ತಿದ್ದೇನೆ.

ದೂತನನ್ನು ಮುಟ್ಟಬಾರದು ಎಂಬ ನಿಯಮ ಯಾರೋ ವಿದೇಶದಲ್ಲಿ ಕುಳಿತು ಮೊದಲ ಬಾರಿಗೆ ಮಾಡಿದ್ದಲ್ಲ. ಲಂಕೆಯಲ್ಲಿ ಕಟ್ಟಿಹಾಕಿದ ಹನುಮಂತನನ್ನು ಕೊಲ್ಲಿಸಲು ರಾವಣ ಹೊರಟಾಗ, ದೂತನನ್ನು ಕೊಲ್ಲುವಂತಿಲ್ಲ ಎಂದು ತಡೆದವನು ವಿಭೀಷಣ. ನಾನು ಇದನ್ನು ಹೇಳಿದ ಕೂಡಲೇ ಮಾವ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಒತ್ತಿಕೊಂಡು, "ಹನುಮಪ್ಪ ಲಂಕೆಗೆ ತಗಂಡೋಗಿದ್ದು ಒಂದು ಉಂಗ್ರ ಕಣವ್ವಾ, ಅದೂ ರಾಮ ಗುರುತಿಗೆ ಅಂತ ಕೊಟ್ಟುದ್ದು. ಬರ್ತಾ ಸೀತಮ್ಮನ ಚೂಡಾಮಣಿ ತಂದ. ಲಂಕೇಲಿ ಬಂಗಾರಕ್ಕೇನು ಬರವಾ? ಒಂದು ಗುಂಡುಮಣಿ ತೂಕ ಜಾಸ್ತಿ ತಂದ್ನಾ?" ಎಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನು ಮಾತ್ರ ನಗುವುದನ್ನು ಮರೆತು ಅವರ ಮುಖವನ್ನೇ ನೋಡಿದೆ. ಏಕೆಂದರೆ ದೂತರ ಹಕ್ಕು, ರಕ್ಷಣೆಗಳ ಬಗ್ಗೆ ದೇಶಗಳು ಮಾಡಿಕೊಂಡ 1961ರ ವಿಯೆನ್ನಾ ಒಪ್ಪಂದದ 27ನೆಯ ವಿಧಿಯಲ್ಲಿ ಬರೆದಿರುವುದು ಅದೇ. ರಾಜತಾಂತ್ರಿಕ ಚೀಲವನ್ನು, ಅಂದರೆ ಒಂದು ದೇಶಕ್ಕೂ ಅದರ ರಾಯಭಾರ ಕಚೇರಿಗೂ ನಡುವೆ ಹೋಗಿಬರುವ ಮೊಹರು ಹಾಕಿದ ಚೀಲವನ್ನು, ತೆರೆಯುವಂತಿಲ್ಲ, ತಡೆದು ಇಟ್ಟುಕೊಳ್ಳುವಂತಿಲ್ಲ. ಆದರೆ ಆ ಚೀಲದಲ್ಲಿ ಇರಬೇಕಾದದ್ದು ರಾಜತಾಂತ್ರಿಕ ದಾಖಲೆಗಳು ಮತ್ತು ಕಚೇರಿಯ ಅಧಿಕೃತ ಬಳಕೆಯ ವಸ್ತುಗಳು ಮಾತ್ರ. ರಾಮನ ಉಂಗುರ ಅಧಿಕೃತ ಬಳಕೆಯ ವಸ್ತು. ಅದನ್ನು ತೋರಿಸದಿದ್ದರೆ ಬಂದವನು ದೂತನೆಂದು ಸೀತೆ ನಂಬುತ್ತಿರಲಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಚೀಲದಲ್ಲಿ ಬೇರೆ ಏನೂ ಇರಬಾರದು ಎನ್ನುವ ಅದೇ ವಿಧಿ ಅದನ್ನು ತೆರೆದು ನೋಡಬಾರದು ಎಂದೂ ಹೇಳುತ್ತದೆ. ಚೀಲವೆಂದರೆ ಹೆಗಲಿಗೆ ಹಾಕುವ ಚೀಲವೇ ಆಗಬೇಕೆಂದಿಲ್ಲ. ಗಾತ್ರಕ್ಕಾಗಲಿ ತೂಕಕ್ಕಾಗಲಿ ಒಪ್ಪಂದದಲ್ಲಿ ಮಿತಿ ಇಲ್ಲ, ಹೊರಗೆ ಕಾಣುವಂತೆ ಗುರುತು ಇರಬೇಕು ಅಷ್ಟೆ. 1964ರ ನವೆಂಬರಿನಲ್ಲಿ ರೋಮ್ ವಿಮಾನ ನಿಲ್ದಾಣದಲ್ಲಿ ಈಜಿಪ್ಟಿನ ರಾಯಭಾರ ಕಚೇರಿಯಿಂದ ಕೈರೋಗೆ ಹೊರಟಿದ್ದ ದೊಡ್ಡ ಪೆಟ್ಟಿಗೆಯೊಳಗಿನಿಂದ ನರಳುವ ಸದ್ದು ಬಂದು, ತೆರೆದಾಗ ಒಳಗೆ ಒಬ್ಬ ಮನುಷ್ಯನನ್ನು ಕಟ್ಟಿ ಕೂರಿಸಿದ್ದರು. 1984ರ ಜುಲೈ 5ರಂದು ಲಂಡನ್ನಿನಲ್ಲಿ ನೈಜೀರಿಯಾದ ಮಾಜಿ ಸಚಿವ ಉಮರು ಡಿಕ್ಕೊ ಅವರನ್ನು ಹಾಡುಹಗಲೇ ಅಪಹರಿಸಿ, ಪ್ರಜ್ಞೆ ತಪ್ಪಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣಕ್ಕೆ ತಂದಿದ್ದರು. ಅಂದು ಆ ಮನುಷ್ಯನ ಜೀವ ಉಳಿದದ್ದು, ಪೆಟ್ಟಿಗೆಯ ಮೇಲೆ ರಾಜತಾಂತ್ರಿಕ ಚೀಲಕ್ಕೆ ಇರಬೇಕಾದ ಗುರುತು ಸರಿಯಾಗಿ ಇಲ್ಲವೆಂದು ಸುಂಕದ ಅಧಿಕಾರಿಗಳು ಅದನ್ನು ತೆರೆದದ್ದರಿಂದ. ಗುರುತು ಸರಿಯಾಗಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ಹಿಂದಿನ ಬೆಂಚಿನವರು ಕೂಡ ಸುಮ್ಮನಾಗುತ್ತಿದ್ದರು.

ಹಾಗಾದರೆ ಅನುಮಾನ ಬಂದಾಗ ತೆರೆಯಬಹುದು ಎಂದು ಬರೆದುಬಿಡಬಹುದಿತ್ತಲ್ಲ? ಬರೆಯಬೇಕೆಂಬ ಸಲಹೆಗಳು ವಿಯೆನ್ನಾದಲ್ಲೇ ಬಂದಿದ್ದವು, ಒಪ್ಪಿಗೆಯಾಗಲಿಲ್ಲ. ಕಾರಣ ಸರಳವಾದದ್ದು. ಇಂದು ನಾವು ಅನುಮಾನವೆಂದು ಬೇರೆ ದೇಶದ ಚೀಲವನ್ನು ತೆರೆದರೆ, ನಾಳೆ ಅವರು ಅನುಮಾನವೆಂದು ನಮ್ಮದನ್ನು ತೆರೆಯುತ್ತಾರೆ. ನಮ್ಮ ಕಾಗದಪತ್ರಗಳನ್ನು ಓದಬೇಕೆನ್ನುವ ದೇಶಕ್ಕೆ ಅನುಮಾನ ಹುಟ್ಟುವುದು ಕಷ್ಟವಲ್ಲ. ಬಹ್ರೇನ್, ಕತಾರ್, ಕುವೈತ್‌ನಂಥ ಕೆಲವು ದೇಶಗಳು ಅನುಮಾನ ಬಂದರೆ ಚೀಲ ತೆರೆಯುವ ಅಥವಾ ತೆರೆಯಲು ಕೇಳುವ ಹಕ್ಕನ್ನು ತಾವು ಉಳಿಸಿಕೊಳ್ಳುತ್ತೇವೆಂದು ಬರೆದೇ ಒಪ್ಪಂದಕ್ಕೆ ಸೇರಿದವು. 1963ರ ಕಾನ್ಸುಲರ್ ಒಪ್ಪಂದದಲ್ಲಿ ಇಂಥದೇ ಒಂದು ಮಧ್ಯದ ದಾರಿ ಎಲ್ಲರಿಗೂ ಇದೆ: ಗಂಭೀರ ಅನುಮಾನವಿದ್ದರೆ ಕಾನ್ಸುಲೇಟಿನ ಚೀಲವನ್ನು ಅವರ ಪ್ರತಿನಿಧಿಯ ಎದುರಿಗೆ ತೆರೆಯಲು ಕೇಳಬಹುದು, ಅವರು ಒಪ್ಪದಿದ್ದರೆ ಚೀಲ ಬಂದ ದಾರಿಗೆ ವಾಪಸ್ ಹೋಗಬೇಕು. ರಾಯಭಾರ ಕಚೇರಿಯ ಚೀಲಕ್ಕೂ ಇದನ್ನೇ ಅನ್ವಯಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಚೀಲ ಮತ್ತು ಅದನ್ನು ಒಯ್ಯುವವರ ಬಗ್ಗೆ 1989ರಲ್ಲಿ ಒಂದು ಕರಡನ್ನೂ ಸಿದ್ಧಪಡಿಸಿತು, ಅದು ಒಪ್ಪಂದವಾಗಲಿಲ್ಲ.

ಚೀಲದ ಮಾತು ಬೇರೆ, ಪ್ರಯಾಣಿಕನ ಸ್ವಂತ ಸಾಮಾನಿನ ಮಾತು ಬೇರೆ. ಇವೆರಡನ್ನೂ ಕಲಸಿ ಕೇಳುವವರೇ ಹೆಚ್ಚು. ರಾಜತಾಂತ್ರಿಕ ಅಧಿಕಾರಿಯ ಸ್ವಂತ ಸಾಮಾನನ್ನು ಸಾಮಾನ್ಯವಾಗಿ ತಪಾಸಣೆ ಮಾಡುವುದಿಲ್ಲ ನಿಜ. ಆದರೆ ಅದರಲ್ಲಿ ತರಬಾರದ ವಸ್ತು ಇದೆಯೆಂದು ನಂಬಲು ಗಂಭೀರ ಕಾರಣವಿದ್ದರೆ ಅವರ ಎದುರಿಗೆ ತೆರೆದು ನೋಡಬಹುದೆಂದು 1961ರ ಒಪ್ಪಂದದ 36ನೆಯ ವಿಧಿಯೇ ಹೇಳುತ್ತದೆ. 2015ರ ಮಾರ್ಚ್‌ನಲ್ಲಿ ಢಾಕಾ ವಿಮಾನ ನಿಲ್ದಾಣದಲ್ಲಿ ಸಿಂಗಪುರದಿಂದ ಬಂದ ಉತ್ತರ ಕೊರಿಯಾದ ರಾಜತಾಂತ್ರಿಕರೊಬ್ಬರ ಬಳಿ ಸುಮಾರು 27 ಕೆ.ಜಿ. ಚಿನ್ನ ಸಿಕ್ಕಿತು. ಚಿನ್ನ ಬಾಂಗ್ಲಾದೇಶದ ವಶವಾಯಿತು, ಮನುಷ್ಯ ತನ್ನ ದೇಶಕ್ಕೆ ಹೋದ, ಅವರ ರಾಯಭಾರ ಕಚೇರಿ ಕ್ಷಮೆ ಕೇಳಿತು. ಆ ದೇಶದ ಕಚೇರಿಗಳ ಕಥೆ ಹಳೆಯದು. 1976ರಲ್ಲಿ ಡೆನ್ಮಾರ್ಕ್, ನಾರ್ವೆ, ಫಿನ್‌ಲ್ಯಾಂಡ್, ಸ್ವೀಡನ್ ದೇಶಗಳಲ್ಲಿ ಅವರ ರಾಜತಾಂತ್ರಿಕರು ಸುಂಕವಿಲ್ಲದೆ ತರಿಸಿದ ಮದ್ಯ ಮತ್ತು ಸಿಗರೇಟುಗಳನ್ನು ಹೊರಗೆ ಮಾರುತ್ತಿದ್ದದ್ದು, ಮಾದಕ ವಸ್ತು ಸಾಗಿಸುತ್ತಿದ್ದದ್ದು ಹೊರಬಿದ್ದು, ಒಂದಾದ ಮೇಲೊಂದು ದೇಶದಿಂದ ಅವರನ್ನು ಹೊರಹಾಕಿದರು.

ಇದನ್ನೆಲ್ಲ ಕೇಳಿದ ಮೇಲೆ ಮಾವ ಮುಂಬೈಯ ಸುದ್ದಿಗೇ ತಿರುಗಿ ಬಂದರು. ಕಾನ್ಸುಲ್ ಎಂದರೆ ರಾಯಭಾರಿಯಲ್ಲ ಎಂದು ವಿವರಿಸಿದೆ. ಕಾನ್ಸುಲ್‌ಗೆ ಇರುವ ರಕ್ಷಣೆ ಕಡಿಮೆ: ಅಧಿಕೃತ ಕೆಲಸಕ್ಕೆ ಸಂಬಂಧಿಸಿದ ಕೃತ್ಯಗಳಿಗೆ ಮಾತ್ರ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಅಪರಾಧ ಘೋರವಾಗಿದ್ದು ನ್ಯಾಯಾಲಯ ಹೇಳಿದರೆ ವಿಚಾರಣೆಗೆ ಮೊದಲೇ ಬಂಧಿಸಲೂ ಅವಕಾಶವಿದೆ. ಹಾಗಾಗಿ ಬಂಧಿಸದಿರುವುದನ್ನು ಕಾನೂನು ಕೈಕಟ್ಟಿತು ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ. ದೇಶಗಳು ತಮ್ಮಲ್ಲಿರುವ ಅಧಿಕಾರವನ್ನೆಲ್ಲ ಯಾವಾಗಲೂ ಬಳಸುವುದಿಲ್ಲ; ಬಳಸದಿರಲು ಅವುಗಳಿಗೆ ಬೇರೆ ಕಾರಣಗಳಿರುತ್ತವೆ. ಆದರೆ ಆ ಪ್ರಕರಣದಲ್ಲಿ ಕೂಡ ಚಿನ್ನ ವಾಪಸ್ ಹೋಗಲಿಲ್ಲ. "ಬಿಟ್ಟುಬಿಡುತ್ತಾರಂತೆ" ಎನ್ನುವವರು ಇದೊಂದನ್ನಾದರೂ ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮನುಷ್ಯನನ್ನೂ ಕಾನೂನು ಶಾಶ್ವತವಾಗಿ ಬಿಡುವುದಿಲ್ಲ. ವಿನಾಯಿತಿ ಎಂದರೆ ಅಪರಾಧ ಅಳಿಸಿಹೋಗುವುದೆಂದಲ್ಲ, ಈ ದೇಶದ ನ್ಯಾಯಾಲಯ ಸದ್ಯಕ್ಕೆ ಅವರನ್ನು ಕಟಕಟೆಗೆ ಕರೆಯುವಂತಿಲ್ಲ ಎಂದಷ್ಟೇ ಅರ್ಥ. ಆ ರಕ್ಷಣೆ ಆ ವ್ಯಕ್ತಿಯ ಸ್ವಂತ ಸೊತ್ತಲ್ಲ, ಕಳುಹಿಸಿದ ದೇಶದ್ದು. ಆ ದೇಶ ಅದನ್ನು ತೆಗೆದುಹಾಕಬಹುದು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಕಾರು ಓಡಿಸಿ ಒಬ್ಬ ಹುಡುಗಿಯ ಸಾವಿಗೆ ಕಾರಣನಾದ ತನ್ನ ರಾಜತಾಂತ್ರಿಕನ ರಕ್ಷಣೆಯನ್ನು ಜಾರ್ಜಿಯಾ ದೇಶ ತೆಗೆದುಹಾಕಿತು, ಆತ ಅಮೆರಿಕದ ಜೈಲಿಗೆ ಹೋದ. ತೆಗೆದುಹಾಕದಿದ್ದರೂ ಸ್ವಂತ ದೇಶದ ನ್ಯಾಯಾಲಯದಿಂದ ವಿನಾಯಿತಿ ಇಲ್ಲವೆಂದು 1961ರ ಒಪ್ಪಂದದ 31ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ವಿಚಾರಣೆ ನಡೆಯುತ್ತದೆಯೇ? ಬಹಳ ಸಲ ನಡೆಯುವುದಿಲ್ಲ. ನನ್ನ ಕೋಪವೆಲ್ಲ ಇರುವುದು ಅಲ್ಲಿ. ರಕ್ಷಣೆ ಕೊಟ್ಟ ದೇಶದ ಮೇಲೆ ನಾವು ಬೈಗುಳ ಸುರಿಸುತ್ತೇವೆ, ತನ್ನ ಅಧಿಕಾರಿಯನ್ನು ಕರೆಸಿಕೊಂಡು ಮನೆಯೊಳಗೆ ಬಚ್ಚಿಟ್ಟ ದೇಶವನ್ನು ಯಾರೂ ಕೇಳುವುದಿಲ್ಲ.

ನಮ್ಮ ಶ್ರೀರಂಗಪಟ್ಟಣದಿಂದಲೂ ದೂತರು ಹೊರಟಿದ್ದರು. ಟಿಪ್ಪು ಸುಲ್ತಾನ್ 1785ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಕಳುಹಿಸಿದ ನಿಯೋಗದ ಹಡಗುಗಳಲ್ಲಿ ಕಾಣಿಕೆಗಳ ಜತೆಗೆ ಮಾರಾಟದ ಸರಕೂ ಇತ್ತು. ಅಂದಿನ ದಿನಗಳಲ್ಲಿ ದೂತನೂ ವ್ಯಾಪಾರಿಯೂ ಒಂದೇ ಹಡಗಿನಲ್ಲಿ ಹೋಗುವುದು ತಪ್ಪಾಗಿರಲಿಲ್ಲ. ಇಂದಿನ ಒಪ್ಪಂದದ 42ನೆಯ ವಿಧಿ ರಾಜತಾಂತ್ರಿಕ ಅಧಿಕಾರಿ ಸ್ವಂತ ಲಾಭಕ್ಕಾಗಿ ಯಾವ ವ್ಯಾಪಾರವನ್ನೂ ಮಾಡಬಾರದೆಂದು ಬರೆದಿದೆ. ದೂತನಿಗೆ ಸುಂಕ ಬಿಟ್ಟದ್ದು ಅವನು ವ್ಯಾಪಾರಿಯಲ್ಲ ಎಂಬ ನಂಬಿಕೆಯಿಂದ. ಅವನು ವ್ಯಾಪಾರಕ್ಕೆ ಇಳಿದ ದಿನ ಮುರಿಯುವುದು ಸುಂಕದ ಕಾಯ್ದೆ ಮಾತ್ರವಲ್ಲ, ಆ ನಂಬಿಕೆಯೂ ಮುರಿಯುತ್ತದೆ. ಅದನ್ನು ಮುರಿದವನಿಂದ ಪ್ರಾಮಾಣಿಕವಾಗಿ ಕೆಲಸ ಮಾಡುವ ಮಿಕ್ಕ ದೂತರ ಚೀಲಗಳ ಮೇಲೂ ಅನುಮಾನದ ಕಣ್ಣು ಬೀಳುತ್ತದೆ.

ಇಲ್ಲಿಗೆ ನಿಮ್ಮೆಲ್ಲರ ಪ್ರಶ್ನೆಗೆ ನನ್ನ ಉತ್ತರ ಮುಗಿಯಿತು. ಆದರೆ ನನ್ನನ್ನು ಯಾರೂ ಕೇಳದ, ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವ ಪ್ರಶ್ನೆ ಇನ್ನೊಂದಿದೆ. ಆ ಚೀಲವನ್ನು ತೆಗೆದುಕೊಂಡು ಹೋಗಲು ಹೊರಗೆ ನಿಂತಿದ್ದವರು ಯಾರು?

2020ರ ಜುಲೈ 5ರಂದು ತಿರುವನಂತಪುರ ವಿಮಾನ ನಿಲ್ದಾಣದಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್ ಕಾನ್ಸುಲೇಟಿನ ವಿಳಾಸಕ್ಕೆ ರಾಜತಾಂತ್ರಿಕ ಸಾಮಾನು ಎಂಬ ಹೆಸರಿನಲ್ಲಿ ಬಂದಿದ್ದ ಪೆಟ್ಟಿಗೆಯನ್ನು ಅವರ ಒಪ್ಪಿಗೆ ಪಡೆದು ತೆರೆದಾಗ 30 ಕೆ.ಜಿ. ಚಿನ್ನ ಸಿಕ್ಕಿತು; ಬೆಲೆ 14.82 ಕೋಟಿ ರೂಪಾಯಿ. ಅದು ಒಪ್ಪಂದದ ಅರ್ಥದಲ್ಲಿ ರಾಜತಾಂತ್ರಿಕ ಚೀಲವೇ ಅಲ್ಲ ಎಂಬ ವಾದವೂ ಆಗ ನಡೆಯಿತು. ಕಾನ್ಸುಲೇಟಿನ ವಿದೇಶಿ ಅಧಿಕಾರಿಯೊಬ್ಬರು ಅದೇ ತಿಂಗಳು ಭಾರತದಿಂದ ಹೊರಟುಹೋದರು. ಬಂಧನಕ್ಕೊಳಗಾದವರಲ್ಲಿ ಆ ಕಾನ್ಸುಲೇಟಿನಲ್ಲಿ ಹಿಂದೆ ಕೆಲಸ ಮಾಡಿದ್ದ ನಮ್ಮ ದೇಶದವರಿದ್ದರು. ಇಬ್ಬರು ಆರೋಪಿಗಳನ್ನು ರಾಷ್ಟ್ರೀಯ ತನಿಖಾ ಸಂಸ್ಥೆ ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ. ಆರೋಪಿಗಳೆಂದರೆ ಅಪರಾಧಿಗಳಲ್ಲ, ತೀರ್ಪು ನ್ಯಾಯಾಲಯದ ಕೆಲಸ. ನಾನು ತೋರಿಸಬೇಕೆಂದಿರುವುದು ಆ ಎರಡು ಬಾಗಿಲುಗಳನ್ನು. ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದವರಲ್ಲಿ ಒಬ್ಬರಿಗೆ ವಿಮಾನದ ಬಾಗಿಲು, ಇನ್ನೊಬ್ಬರಿಗೆ ಜೈಲಿನ ಬಾಗಿಲು.

ರಾಯಭಾರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಸ್ಥಳೀಯರಿಗೆ, ಅಂದರೆ ಗುಮಾಸ್ತರಿಗೆ, ಭಾಷಾಂತರಕಾರರಿಗೆ, ಚಾಲಕರಿಗೆ, ಅಡುಗೆಯವರಿಗೆ, ಅತಿಥೇಯ ದೇಶ ತಾನಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಯಾವ ವಿನಾಯಿತಿಯೂ ಇಲ್ಲವೆಂದು 38ನೆಯ ವಿಧಿ ಹೇಳುತ್ತದೆ. ಆದರೆ ವಿಮಾನ ನಿಲ್ದಾಣದ ಸರಕು ವಿಭಾಗಕ್ಕೆ ಹೋಗಿ ಸಹಿ ಹಾಕುವವರು, ಪೆಟ್ಟಿಗೆಯನ್ನು ವಾಹನಕ್ಕೆ ಏರಿಸುವವರು, ಬಾಡಿಗೆ ವಾಹನ ಗೊತ್ತುಮಾಡುವವರು ಇವರೇ ಆಗಿರುತ್ತಾರೆ. ಇವರಲ್ಲಿ ಗೊತ್ತಿದ್ದು ಕೈಜೋಡಿಸಿದವರೂ ಇರಬಹುದು, ಸಾಹೇಬರು ಹೇಳಿದರೆಂದು ಹೋಗಿ ಸಹಿ ಹಾಕಿದವರೂ ಇರಬಹುದು. ಸಂಬಳ ಕೊಡುವ ಮೇಲಧಿಕಾರಿ ತೋರಿಸಿದ ಕಾಗದದಲ್ಲಿ ಮುದ್ರೆ ಇರುವಾಗ, ಒಳಗೆ ಏನಿದೆ ಎಂದು ಕೇಳುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ದೆಹಲಿ, ಚೆನ್ನೈಗಳ ಇಂಥ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ. ಹೊರಡುವ ಮೊದಲು ಮನೆಗೆ ಬಂದವರಿಗೆಲ್ಲ ನಾನು ಒಂದೇ ಮಾತು ಹೇಳಿ ಕಳುಹಿಸಿದ್ದೇನೆ: ರಾಯಭಾರ ಕಚೇರಿಯ ನೀಲಿ ನಂಬರ್ ಹಲಗೆಯ ಕಾರಿನಲ್ಲಿ ಕುಳಿತ ಮಾತ್ರಕ್ಕೆ ಆ ಹಲಗೆಯ ರಕ್ಷಣೆ ನಿಮಗೆ ಬರುವುದಿಲ್ಲ, ಒಳಗೇನಿದೆ ಎಂದು ತಿಳಿಯದ ಯಾವುದಕ್ಕೂ ನಿಮ್ಮ ಹೆಸರಿನಲ್ಲಿ ಸಹಿ ಹಾಕಬೇಡಿ.

ಇನ್ನು ಹೊರಗೆ ನಿಂತವರ ಹಿಂದೆ ನಿಂತವರು. 30 ಕೆ.ಜಿ. ಚಿನ್ನವನ್ನು ಯಾವ ಅಧಿಕಾರಿಯೂ ತನ್ನ ಹೆಂಡತಿಯ ಕೊರಳಿಗೆ ತರುವುದಿಲ್ಲ. 2020ರಲ್ಲಿ ಚಿನ್ನದ ಆಮದು ಸುಂಕ ನೂರಕ್ಕೆ 12.5, ಅಂದರೆ ಆ ಒಂದು ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದ ಸುಂಕವೇ ಸುಮಾರು 1.85 ಕೋಟಿ. 2024ರ ಏಪ್ರಿಲ್‌ನಲ್ಲಿ ಸುಂಕ ನೂರಕ್ಕೆ 15 ಇತ್ತು. ಮುಂಬೈಯ 25 ಕೆ.ಜಿ.ಗೆ ಲೆಕ್ಕ ಹಾಕಿದರೆ 2.79 ಕೋಟಿ ರೂಪಾಯಿ. ಅದೇ ವರ್ಷದ ಜುಲೈಯಲ್ಲಿ ಸುಂಕವನ್ನು 6ಕ್ಕೆ ಇಳಿಸಿದರು. ಕೋಲಾರದ ಗಣಿ 2001ರಲ್ಲಿ ಮುಚ್ಚಿದೆ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸಿಗುವುದು ನಮ್ಮ ಆಸೆಗೆ ಯಾವ ಮೂಲೆಗೂ ಸಾಲದು. ನಾವು ಕೊರಳಿಗೆ ಹಾಕಿಕೊಳ್ಳುವ ಚಿನ್ನವೆಲ್ಲ ಬಹುಪಾಲು ಹೊರಗಿನಿಂದ ಬಂದದ್ದು. ಸುಂಕ ಕೊಟ್ಟು ಬಂದ ಗಟ್ಟಿಯನ್ನೂ ಕೊಡದೆ ಬಂದ ಗಟ್ಟಿಯನ್ನೂ ಒಂದೇ ಮೂಸೆಯಲ್ಲಿ ಕರಗಿಸಿದ ಮೇಲೆ ಯಾವ ಅಕ್ಕಸಾಲಿಗನೂ ಬೇರೆ ಮಾಡಿ ತೋರಿಸಲಾರ. ರಸೀದಿ ಇಲ್ಲದೆ ಕೊಂಡರೆ ಗ್ರಾಂಗೆ ಇಷ್ಟು ಕಡಿಮೆ ಎಂದು ಯಾರಾದರೂ ಹೇಳಿದಾಗ ಹಿಂದೆಮುಂದೆ ನೋಡದೆ ತಲೆಯಾಡಿಸುವ ಮನೆಗಳು ನನ್ನ ಬೀದಿಯಲ್ಲೂ ಇವೆ. ಅದೇ ಮನೆಗಳ ಜಗಲಿಯಿಂದ "ಬಿಟ್ಟುಬಿಡುತ್ತಾರಂತೆ" ಎಂಬ ಪ್ರಶ್ನೆ ಬಂದಾಗ ನನ್ನ ಧ್ವನಿ ಏರುವುದು ಈ ಕಾರಣಕ್ಕೆ. ಅದನ್ನು ಮೇಷ್ಟರ ಜಂಬವೆಂದು ತಿಳಿದವರಿದ್ದಾರೆ, ಇರಲಿ.

2025ರ ಮಾರ್ಚ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ನಟಿಯೊಬ್ಬರ ಬಳಿ 14.2 ಕೆ.ಜಿ. ಚಿನ್ನ ಸಿಕ್ಕ ಸುದ್ದಿ ಬಂದ ಮೇಲಂತೂ ನನ್ನ ಪಾಡು ಹೇಳತೀರದು. ಅದು ರಾಜತಾಂತ್ರಿಕ ವಿನಾಯಿತಿಯ ಪ್ರಕರಣವಲ್ಲ. ವಿಮಾನ ನಿಲ್ದಾಣದಲ್ಲಿ ಗಣ್ಯರಿಗೆ ಕೊಡುವ ಶಿಷ್ಟಾಚಾರದ ಸೌಲಭ್ಯ ಕಾನೂನಿನ ರಕ್ಷಣೆಯಲ್ಲ, ಬರೀ ಮರ್ಯಾದೆ. ಅಲ್ಲಿ ಬಂಧನವೂ ಆಯಿತು. ಎರಡನ್ನೂ ಸೇರಿಸಿ ಕೇಳಬೇಡಿ.

ಮಾವನ ಜಗಲಿಗೆ ಮರಳುತ್ತೇನೆ. ಹೊರಗೆ ನಿಂತವರ ಬಗ್ಗೆ, ಸಹಿ ಹಾಕಿ ಸಿಕ್ಕಿಬಿದ್ದವರ ಬಗ್ಗೆ ನಾನು ಹೇಳುತ್ತಿದ್ದಾಗ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಟ್ರಾಕ್ಟರ್ ಓಡುಸ್ತಿದ್ ಹುಡುಗುನ್ನೂ ಕೇಸ್ಗೆ ಹಾಕವ್ರೆ ಕಣವ್ವಾ" ಎಂದರು. ಮರಳು ತುಂಬಿಸಿದ್ದು ಮಾವ, ತರಿಸಿಕೊಂಡದ್ದು ಮೈಸೂರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದ ಯಾರೋ ಒಬ್ಬರು, ದಿನಗೂಲಿಗೆ ಟ್ರಾಕ್ಟರ್ ಓಡಿಸಿ ರಾತ್ರಿ ಎರಡು ಗಂಟೆಗೆ ಸಿಕ್ಕಿಬಿದ್ದವನು ಆ ಹುಡುಗ. ಮೂರು ತಿಂಗಳಲ್ಲಿ ಮಾವ ವಕೀಲರನ್ನು ನೋಡಿದ್ದು ಟ್ರಾಕ್ಟರ್ ಬಿಡಿಸಿಕೊಳ್ಳುವುದಕ್ಕೆ ಮಾತ್ರ.

"ಅವನಿಗೆ ಲಾಯರ್ ಯಾರು ಮಾವ?" ಎಂದು ಕೇಳಿದೆ.

ಮಾವ ಉತ್ತರ ಕೊಡಲಿಲ್ಲ. ಒಳಗೆ ತಿರುಗಿ, ಹಬ್ಬದ ಅಡುಗೆಯಲ್ಲಿ ಮಿಕ್ಕಿದ್ದನ್ನು ಆ ಹುಡುಗನ ಮನೆಗೆ ಕೊಟ್ಟು ಬರುವಂತೆ ಅತ್ತೆಗೆ ಕೂಗಿ ಹೇಳಿದರು. ಮಾರನೆಯ ಸೋಮವಾರ ಬೆಳಿಗ್ಗೆ ಮಾವ, ಆ ಹುಡುಗ ಇಬ್ಬರೂ ಬಸ್ಸಿನಲ್ಲಿ ಮೈಸೂರಿಗೆ ಬಂದರು, ನಾನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕಚೇರಿಗೆ ಅವರನ್ನು ಕರೆದುಕೊಂಡು ಹೋದೆ. ವಕಾಲತ್ತಿನ ಕಾಗದವನ್ನು ಮುಂದೆ ಇಟ್ಟಾಗ ಆ ಹುಡುಗ ಪೆನ್ನು ಹಿಡಿದು, ಇದರಲ್ಲಿ ಏನು ಬರೆದಿದೆ ಅಕ್ಕಾ ಎಂದು ಕೇಳಿದ. ಅವಳು ಮೊದಲ ಸಾಲಿನಿಂದ ಓದಿ ಹೇಳಿದಳು, ಅವನು ಕೊನೆಯವರೆಗೆ ಕೇಳಿಸಿಕೊಂಡು ಸಹಿ ಹಾಕಿದ.